ಚರ್ಚಿಗೆ ಹೋಗಲಾಗದವರು ಮನೆಯಲ್ಲೇ ಕ್ರೈಸ್ತ ವಿಶ್ವಾಸ ಉಳಿಸಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ದಮ್ಮಾಮ್‌ನಲ್ಲಿ ಕೆಲಸಕ್ಕಿರುವ ಉಡುಪಿಯ ಹುಡುಗನಿಗೆ ಭಾನುವಾರ ರಜೆಯಿಲ್ಲ; ಇದ್ದರೂ ಸೌದಿ ಅರೇಬಿಯಾದಲ್ಲಿ ಹೋಗಲು ಚರ್ಚಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರ ನರ್ಸ್‌ಗೆ ಭಾನುವಾರ ಬೆಳಗಿನ ಪಾಳಿ ತಪ್ಪುವುದೇ ಇಲ್ಲ. ಮಂಡಿ ಹಿಡಿದ ಅಜ್ಜಿಗೆ ಬೀದಿಯಾಚೆಯ ಚರ್ಚಿನ ಗಂಟೆ ಕೇಳಿಸುತ್ತದೆ, ಆದರೆ ಮೆಟ್ಟಿಲು ಇಳಿಯಲಾಗದು. ಸಭೆಯೊಳಗೆ ಯಾರೋ ಆಡಿದ ಮಾತಿಗೆ ನೊಂದು, ಇಲ್ಲವೇ ಅಲ್ಲಿ ಕಂಡ ಭೇದಭಾವಕ್ಕೆ ಬೇಸತ್ತು ಹೊರಗುಳಿದವರೂ ಇದ್ದಾರೆ. ಇವರೆಲ್ಲರಿಗೂ ವಿಶ್ವಾಸವಿದೆ. ಅದನ್ನು ದಿನದಿನವೂ ಬಾಳಿಸುವ ದಾರಿಯನ್ನು ಮಾತ್ರ ಯಾರೂ ಕೂತು ಹೇಳಿಕೊಟ್ಟಿರುವುದಿಲ್ಲ.

ಕ್ರೈಸ್ತರಿಗೆ ಮನೆಯ ಆರಾಧನೆ ಹೊಸದಲ್ಲ. ಮೊದಲ ಶತಮಾನಗಳಲ್ಲಿ ವಿಶ್ವಾಸಿಗಳು ಸೇರುತ್ತಿದ್ದದ್ದು ಹೆಚ್ಚಾಗಿ ಮನೆಗಳಲ್ಲೇ. ಪೌಲನ ಪತ್ರಗಳಲ್ಲಿ ಪ್ರಿಸ್ಕಿಲ್ಲ ಮತ್ತು ಅಕ್ವಿಲರ ಮನೆಯಲ್ಲಿ ಕೂಡುತ್ತಿದ್ದ ಸಭೆಗೆ ವಂದನೆಯಿದೆ. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಜಪಾನಿನ ಕಥೆ. ಅಲ್ಲಿ 1614ರಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಿದರು. ಗುರುಗಳನ್ನು ಹೊರಹಾಕಿದರು, ಉಳಿದವರನ್ನು ಕೊಂದರು. 1865ರ ಮಾರ್ಚ್‌ನಲ್ಲಿ ನಾಗಸಾಕಿಯ ಹೊಸ ಚರ್ಚಿಗೆ ಉರಕಾಮಿ ಹಳ್ಳಿಯ ಕೆಲವರು ಬಂದು, ನಿಮ್ಮ ವಿಶ್ವಾಸವೇ ನಮ್ಮದೂ ಎಂದು ಫ್ರೆಂಚ್ ಗುರು ಪೆಟಿಜಾನ್ ಅವರಿಗೆ ಗುಟ್ಟಾಗಿ ತಿಳಿಸಿದರು. ಅಷ್ಟೊಂದು ತಲೆಮಾರು ಚರ್ಚೂ ಇಲ್ಲದೆ, ಗುರುಗಳೂ ಇಲ್ಲದೆ ಅವರು ಉಳಿದದ್ದು ಹೇಗೆ? ಕೆಲಸ ಹಂಚಿಕೊಂಡಿದ್ದರು. ಹಬ್ಬ, ಉಪವಾಸದ ದಿನಗಳನ್ನು ಲೆಕ್ಕವಿಟ್ಟು ಹೇಳುವವನೊಬ್ಬ, ನೀರು ಹಾಕಿ ದೀಕ್ಷೆ ಕೊಡುವವನೊಬ್ಬ, ಮನೆಮನೆಗೆ ಸುದ್ದಿ ಮುಟ್ಟಿಸುವವನೊಬ್ಬ. ಭಕ್ತಿ ಉಕ್ಕಿದಾಗ ಪ್ರಾರ್ಥಿಸಿ, ಉಕ್ಕದಿದ್ದಾಗ ಬಿಟ್ಟಿದ್ದರೆ ಎರಡನೇ ತಲೆಮಾರಿಗೇ ಎಲ್ಲ ಮುಗಿಯುತ್ತಿತ್ತು. ಅವರನ್ನು ಕಾದದ್ದು ಕ್ರಮ ಮತ್ತು ಜೊತೆ. ಈ ಬರಹ ಹೇಳಹೊರಟಿರುವುದೂ ಅವೆರಡನ್ನು ಮನೆಯಲ್ಲಿ ಕಟ್ಟಿಕೊಳ್ಳುವ ಬಗೆಯನ್ನೇ.

ಹಂತ 1: ನಿಮ್ಮನ್ನು ತಡೆದಿರುವುದು ಏನೆಂದು ನೋಡಿಕೊಳ್ಳಿ

ಅಡ್ಡಿ ಪಾಳಿ ಕೆಲಸದ್ದಾದರೆ ಮೊದಲು ಬೇರೆ ಹೊತ್ತಿನ ಆರಾಧನೆ ಹುಡುಕಿ. ಕಥೋಲಿಕರಿಗೆ ಶನಿವಾರ ಸಂಜೆಯ ಬಲಿಪೂಜೆ (ಮಾಸ್) ಭಾನುವಾರದ್ದಕ್ಕೆ ಸಮ. ಕುವೈತ್, ಕತಾರ್, ಬಹ್ರೇನ್‌ಗಳಲ್ಲಿ ಚರ್ಚುಗಳಿವೆ, ವಾರದ ರಜೆಯಾದ ಶುಕ್ರವಾರವೇ ಅಲ್ಲಿ ಜನ ತುಂಬಿರುತ್ತಾರೆ. ಸೌದಿಯ ಪೂರ್ವ ಭಾಗದಲ್ಲಿರುವವರಿಗೆ ಸಮುದ್ರ ಸೇತುವೆ ದಾಟಿದರೆ ಬಹ್ರೇನ್ ಸಿಗುತ್ತದೆ; ವೀಸಾ, ರಜೆ ಹೊಂದಿದಾಗ ವರ್ಷಕ್ಕೆ ಒಂದೆರಡು ಬಾರಿಯಾದರೂ ಅಲ್ಲಿಗೆ ಹೋಗಿಬನ್ನಿ.

ಕಾಯಿಲೆ ಅಥವಾ ವಯಸ್ಸು ಕಾರಣವಾದರೆ ನಿಮ್ಮ ಸಭಾಪಾಲಕರಾದ ಅಯ್ಯನವರಿಗೆ ಇಲ್ಲವೇ ಫಾದರ್‌ಗೆ ವಿಷಯ ತಿಳಿಸಿ. ಯಾರೂ ಬರಲಿಲ್ಲ ಎಂದು ಕೊರಗುವ ಎಷ್ಟೋ ಮನೆಗಳಲ್ಲಿ ವಿಷಯವನ್ನು ಯಾರಿಗೂ ಹೇಳಿಯೇ ಇರುವುದಿಲ್ಲ.

ನೋವಿನಿಂದ ಹೊರಬಂದವರಿಗೆ ನಾನು ಅವಸರ ಮಾಡಲಾರೆ. ಗಾಯ ಮಾಯಲು ಸಮಯ ಬೇಕು, ಅಷ್ಟು ದಿನ ಮನೆಯಲ್ಲೇ ದೇವರ ಮುಂದೆ ಕೂರುವುದು ಪಾಪವಲ್ಲ. ನೋಯಿಸಿದವರ ಮೇಲಿನ ಸಿಟ್ಟಿಗೆ ದೇವರನ್ನೂ ಬಿಡಬೇಡಿ ಎನ್ನುವುದಷ್ಟೇ ನನ್ನ ಬೇಡಿಕೆ. ನಡೆದದ್ದು ದೌರ್ಜನ್ಯವಾಗಿದ್ದರೆ ಪ್ರಾರ್ಥನೆಯ ಜೊತೆಗೆ ಪೊಲೀಸ್ ದೂರೂ ಬೇಕು. ‘ಕ್ಷಮಿಸಿಬಿಡು’ ಎಂದು ಬಾಯಿ ಮುಚ್ಚಿಸುವವರ ಮಾತಿಗೆ ಮಣಿಯಬೇಡಿ.

ಭಾನುವಾರ ಬೆಳಿಗ್ಗೆ ಏಳಲು ಬೇಜಾರು ಎನ್ನುವವರಿಗೂ ಒಂದು ಮಾತು. ಮನೆಯಲ್ಲಿ ಮಾಡುವುದು ಚರ್ಚಿಗೆ ಹೋಗುವುದಕ್ಕಿಂತ ಸುಲಭವಲ್ಲ. ಅಲ್ಲಿ ಹಾಡು ಎತ್ತುವವರು, ಓದುವವರು, ಬೋಧಿಸುವವರು ಬೇರೆ ಬೇರೆ. ಇಲ್ಲಿ ಎಲ್ಲವೂ ನಿಮ್ಮ ತಲೆಯ ಮೇಲೆ.

ಹಂತ 2: ಜಾಗ, ಹೊತ್ತು

ಒಂದು ಗೂಡು ಅಥವಾ ಚಿಕ್ಕ ಮೇಜು ಸಾಕು. ಅದರ ಮೇಲೆ ಸತ್ಯವೇದ (ಬೈಬಲ್), ಶಿಲುಬೆ, ಮೇಣದಬತ್ತಿ. ಆ ಜಾಗದಲ್ಲಿ ಚಾರ್ಜರ್, ಔಷಧದ ಚೀಟಿ, ಕರೆಂಟ್ ಬಿಲ್ಲು ಸೇರದಂತೆ ನೋಡಿಕೊಳ್ಳಿ. ಆರು ಮಂದಿ ಮಲಗುವ ಕೋಣೆಯಲ್ಲಿ ಇರುವವರಿಗೆ ಅದೂ ಆಗದು. ಅವರಿಗೆ ಮಂಚದ ಅಂಚು, ಇಯರ್‌ಫೋನ್, ತುಟಿಯಲ್ಲೇ ಹೇಳುವ ಪ್ರಾರ್ಥನೆ ಸಾಕು. ಕೋಣೆಯ ಬಾಗಿಲು ಮುಚ್ಚಿ ಗುಟ್ಟಿನಲ್ಲಿ ಪ್ರಾರ್ಥಿಸಲು ಮತ್ತಾಯ 6ನೇ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದಾರೆ.

ಹೊತ್ತಿನ ವಿಷಯದಲ್ಲಿ ಗಡಿಯಾರವನ್ನು ನಂಬಬೇಡಿ, ಈಗಾಗಲೇ ಇರುವ ರೂಢಿಗೆ ಜೋಡಿಸಿ. ಮುಖ ತೊಳೆದ ಮೇಲೆ, ಕಾಫಿಗೆ ಮುನ್ನ. ಊಟದ ತಟ್ಟೆ ತೊಳೆದಿಟ್ಟ ಮೇಲೆ, ಮಲಗುವ ಮುನ್ನ. ರಾತ್ರಿ ಪಾಳಿಯವರಿಗೆ ಬೆಳಗೆಂದರೆ ಎದ್ದ ಹೊತ್ತು, ಅದು ಮಧ್ಯಾಹ್ನ ಮೂರಾದರೂ ಸರಿಯೇ. ಆದಿಸಭೆಯ ಕಾಲದ ‘ದಿದಾಖೆ’ ಎಂಬ ಚಿಕ್ಕ ಗ್ರಂಥ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆನ್ನುತ್ತದೆ. ಬೇರೇನೂ ಆಗದ ದಿನ ಅದೊಂದನ್ನಾದರೂ ಬಿಡಬೇಡಿ. ಬಸ್ಸಿನಲ್ಲಿ ನಿಂತೂ ಹೇಳಬಹುದು.

ಹಂತ 3: ದಿನದ ಪ್ರಾರ್ಥನೆಯ ಕ್ರಮ

ಹದಿನೈದು ನಿಮಿಷಕ್ಕೆ ಹೊಂದುವ ಕ್ರಮ ಇದು. ಮೊದಲು ಒಂದು ನಿಮಿಷ ಮೌನ. ನಂತರ ಒಂದು ಕೀರ್ತನೆ, ಸುವಾರ್ತೆಯಿಂದ ಒಂದು ಭಾಗ, ಬೇರೆಯವರಿಗಾಗಿ ಬೇಡಿಕೆ, ಕೊನೆಗೆ ಕರ್ತನ ಪ್ರಾರ್ಥನೆ. ಮನೆಯಲ್ಲಿ ಒಬ್ಬರೇ ಇದ್ದರೂ ಬಾಯಿಬಿಟ್ಟು ಓದಿ. ಕಣ್ಣಿನಲ್ಲಷ್ಟೇ ಓದಿದರೆ ಮನಸ್ಸು ಎರಡನೇ ವಾಕ್ಯಕ್ಕೇ ಆಫೀಸಿಗೆ ಹೋಗಿರುತ್ತದೆ.

ಕೀರ್ತನೆಗಳಿಗೆ ಒಂದು ಸುಲಭದ ಲೆಕ್ಕವಿದೆ. ಒಟ್ಟು 150 ಕೀರ್ತನೆಗಳು. ಇಂದಿನ ತಾರೀಕಿಗೆ ಮೂವತ್ತು ಮೂವತ್ತು ಕೂಡಿಸುತ್ತಾ ಹೋಗಿ. 7ನೇ ತಾರೀಕಾದರೆ 7, 37, 67, 97, 127. ಐದನ್ನೂ ಓದಿದರೆ ತಿಂಗಳಿಗೊಮ್ಮೆ ಇಡೀ ಕೀರ್ತನೆಗಳ ಪುಸ್ತಕ ಮುಗಿಯುತ್ತದೆ. ಆಗದಿದ್ದರೆ ಐದರಲ್ಲಿ ಆ ದಿನದ ಮನಸ್ಸಿಗೆ ತಾಗುವ ಒಂದನ್ನು ಆರಿಸಿ. 29ಕ್ಕೆ ಬರುವ 119ನೇ ಕೀರ್ತನೆ 176 ವಚನಗಳಷ್ಟು ಉದ್ದ. ಅದನ್ನು 31ನೇ ತಾರೀಕಿಗೆ ಎತ್ತಿಡಿ. ಕೀರ್ತನೆಗಳನ್ನು ನಾನು ಇಷ್ಟು ಒತ್ತಿಹೇಳಲು ಕಾರಣವಿದೆ. ಅಲ್ಲಿ ಸ್ತುತಿ ಮಾತ್ರ ಇಲ್ಲ, ದೇವರ ಮೇಲಿನ ದೂರು, ಅಳು, ಸಿಟ್ಟು ಎಲ್ಲವೂ ಇವೆ. ಸಭೆಯಿಂದ ನೊಂದು ಬಂದವರಿಗೆ 13ನೆಯದೂ 42ನೆಯದೂ ತಮ್ಮದೇ ಮಾತಿನಂತೆ ಕೇಳಿಸುತ್ತವೆ.

ಬೇಡಿಕೆಗೆ ಒಂದು ನೋಟ್‌ಬುಕ್ ಇಡಿ. ಹೆಸರುಗಳನ್ನು ವಾರದ ದಿನಗಳಿಗೆ ಹಂಚಿ: ಸೋಮವಾರ ಕಾಯಿಲೆಯವರು, ಮಂಗಳವಾರ ಕೆಲಸ ಹುಡುಕುತ್ತಿರುವವರು, ಹೀಗೆ. ಯಾರ ಮೇಲೆ ಮುನಿಸಿದೆಯೋ ಅವರ ಹೆಸರೂ ಒಂದು ದಿನಕ್ಕೆ ಸೇರಲಿ. ಕಥೋಲಿಕ ಮನೆಗಳಲ್ಲಿ ಸಂಜೆಗೆ ಜಪಸರವಿದೆ; ಯೇಸು, ಮರಿಯಮ್ಮನವರ ಬಾಳಿನ ಘಟನೆಗಳನ್ನು, ಅಂದರೆ ‘ರಹಸ್ಯ’ಗಳನ್ನು, ಧ್ಯಾನಿಸುತ್ತಾ ಮಣಿ ಎಣಿಸಿ ಹೇಳುವ ಪ್ರಾರ್ಥನೆ ಅದು. ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು; ಮಂಗಳವಾರ, ಶುಕ್ರವಾರ ದುಃಖದವು; ಬುಧವಾರ, ಭಾನುವಾರ ಮಹಿಮೆಯವು; ಗುರುವಾರಕ್ಕೆ 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸೇರಿಸಿದ ಬೆಳಕಿನ ರಹಸ್ಯಗಳು. ಐದೂ ದಶಕ (ಹತ್ತು ಹತ್ತು ಮಣಿಗಳ ಸುತ್ತು) ಆಗದ ದಿನ ಒಂದೇ ದಶಕ ಹೇಳಿ, ಆದರೆ ಸಾವಕಾಶವಾಗಿ ಹೇಳಿ.

ಪ್ರೊಟೆಸ್ಟೆಂಟ್ ಮನೆಗಳ ಕುಟುಂಬ ಪ್ರಾರ್ಥನೆಗೂ ಹಳೆಯ ಬೇರಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಜರ್ಮನಿಯ ಪಯಟಿಸ್ಟ್ ಪರಂಪರೆಯವರು. ಮನೆಯಲ್ಲಿ ಕೂಡಿ ಸತ್ಯವೇದ ಓದುವುದೇ ಆ ಪರಂಪರೆಯ ಜೀವಾಳ. ಕರಾವಳಿಯಲ್ಲೂ ಧಾರವಾಡದ ಕಡೆಯೂ ಅಜ್ಜಂದಿರು ಪಟ್ಟುಹಿಡಿದು ನಡೆಸುತ್ತಿದ್ದ ಸಂಜೆಯ ಪ್ರಾರ್ಥನೆಗೆ ಅದೇ ಹಿನ್ನೆಲೆ. ಟಿವಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ನಿಂತುಹೋದ ಆ ರೂಢಿಯನ್ನು ಮತ್ತೆ ಹಿಡಿಯಲು ಇದು ಸಕಾಲ.

ಹಂತ 4: ಸತ್ಯವೇದ ಓದುವ ಯೋಜನೆ

ಆದಿಕಾಂಡದಿಂದ ಶುರುಮಾಡಿ ಯಾಜಕಕಾಂಡದಲ್ಲಿ ನಿಂತುಹೋದವರೇ ಹೆಚ್ಚು. ಹೊಸ ಒಡಂಬಡಿಕೆಯಿಂದ ಆರಂಭಿಸಿ. ಅದರಲ್ಲಿ 260 ಅಧ್ಯಾಯಗಳಿವೆ. ವಾರಕ್ಕೆ ಐದು ದಿನ, ದಿನಕ್ಕೊಂದರಂತೆ ಓದಿದರೆ ಸರಿಯಾಗಿ 52 ವಾರಕ್ಕೆ ಮುಗಿಯುತ್ತದೆ. ತಪ್ಪಿಹೋದದ್ದನ್ನು ಓದಿಕೊಳ್ಳಲು ವಾರಕ್ಕೆ ಎರಡು ದಿನ ಕೈಯಲ್ಲಿರುತ್ತವೆ. ಮೊದಲು ಮಾರ್ಕನ ಸುವಾರ್ತೆ, 16 ಅಧ್ಯಾಯ, ಕಥೆ ಬೇಗ ಸಾಗುತ್ತದೆ. ಆಮೇಲೆ ಲೂಕ, ಅಪೊಸ್ತಲರ ಕೃತ್ಯಗಳು.

ಕನ್ನಡದಲ್ಲಿ ಬೈಬಲ್ ಸೊಸೈಟಿಯ ಹಳೆಯ ಜೆ.ವಿ. ಅನುವಾದವೂ ಹೊಸ ಕನ್ನಡದ ಸಿ.ಎಲ್. ಅನುವಾದವೂ ಸಿಗುತ್ತವೆ. ಹಿರಿಯರಿಗೆ ಜೆ.ವಿ.ಯ ಮಾತುಗಳು ಬಾಯಿಪಾಠವಾಗಿರುತ್ತವೆ, ಅವರಿಂದ ಅದನ್ನು ಕಿತ್ತುಕೊಳ್ಳಬೇಡಿ. ಮಕ್ಕಳಿಗೆ ಸಿ.ಎಲ್. ಕೊಡಿ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕಗಳು, ಪ್ರೊಟೆಸ್ಟೆಂಟರದ್ದರಲ್ಲಿ 66. ಕೊಳ್ಳುವಾಗ ನೋಡಿ ಕೊಳ್ಳಿ. ಕಣ್ಣು ಮಂಜಾದವರಿಗೆ ಕನ್ನಡದ ಆಡಿಯೊ ಮೊಬೈಲ್ ಆ್ಯಪ್‌ಗಳಲ್ಲೇ ಇದೆ. ಒಮ್ಮೆ ಕೂತು ಅಮ್ಮನಿಗೆ ಪ್ಲೇ ಬಟನ್ ಎಲ್ಲಿದೆ ಎಂದು ತೋರಿಸಿಕೊಡಿ, ದೊಡ್ಡ ಸೇವೆ ಅದು.

ದಿನಕ್ಕೊಂದು ಬಿಡಿ ವಚನ ವಾಟ್ಸಾಪ್‌ನಲ್ಲಿ ಬರುವುದನ್ನು ಓದೆಂದು ಎಣಿಸಬೇಡಿ. ಹಿಂದೆ ಮುಂದೆ ಇಲ್ಲದ ವಚನವನ್ನು ಹೇಗೆ ಬೇಕಾದರೂ ಬಗ್ಗಿಸಬಹುದು.

ಹಂತ 5: ಭಾನುವಾರದ ಆರಾಧನೆ

2020ರ ಏಪ್ರಿಲ್ 12ರ ಪುನರುತ್ಥಾನ ಹಬ್ಬ ಲಾಕ್‌ಡೌನ್ ನಡುವೆ ಬಂತು. ಚರ್ಚುಗಳ ಬಾಗಿಲು ಮುಚ್ಚಿತ್ತು, ಮನೆಗಳಲ್ಲೇ ಹಬ್ಬ ನಡೆಯಿತು. ಮೊಬೈಲಿನಲ್ಲಿ ಆರಾಧನೆ ನೋಡುವ ರೂಢಿ ನಮ್ಮಲ್ಲಿ ಬೇರೂರಿದ್ದು ಆಗಲೇ. ಅದರಿಂದ ಹಾಸಿಗೆ ಹಿಡಿದವರಿಗೆ ದೊಡ್ಡ ಉಪಕಾರವಾಗಿದೆ. ಆದರೆ ಲುಂಗಿಯಲ್ಲಿ ಸೋಫಾ ಮೇಲೆ ಮಲಗಿ, ತಿಂಡಿ ತಿನ್ನುತ್ತಾ ನೋಡಿದರೆ ಅದು ನೋಡುವುದಷ್ಟೇ. ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಹಾಕಿ. ಏಳುವಾಗ ಏಳಿ, ಮೊಣಕಾಲೂರುವಾಗ ಊರಿ, ಉತ್ತರ ಕೊಡುವಲ್ಲಿ ಗಟ್ಟಿಯಾಗಿ ಕೊಡಿ.

ಪರದೆಯಿಲ್ಲದೆಯೂ ಪೂರ್ಣ ಆರಾಧನೆ ನಡೆಸಬಹುದು. ಕಥೋಲಿಕ ಧರ್ಮಸಭೆಯ ಕಾನೂನಿನ 1248ನೇ ನಿಯಮವೇ ಗುರುಗಳಿಲ್ಲದಾಗ ಅಥವಾ ಗಂಭೀರ ಕಾರಣವಿದ್ದಾಗ ಒಬ್ಬರೇ ಆಗಲಿ, ಕುಟುಂಬವಾಗಿ ಆಗಲಿ, ಕೆಲವು ಕುಟುಂಬಗಳು ಕೂಡಿ ಆಗಲಿ ಪ್ರಾರ್ಥನೆಯಲ್ಲಿ ಹೊತ್ತು ಕಳೆಯಿರಿ ಎನ್ನುತ್ತದೆ. ಮುಕ್ಕಾಲು ಗಂಟೆಗೆ ಹೊಂದುವ ಕ್ರಮ ಹೀಗಿರಲಿ:

1. ಮೇಣದಬತ್ತಿ ಹಚ್ಚಿ, ಒಂದು ಹಾಡು.
2. ವಾರದ ತಪ್ಪುಗಳನ್ನು ಮೌನದಲ್ಲಿ ನೆನೆದು ಕ್ಷಮೆ ಕೇಳುವುದು. ಗಂಡಹೆಂಡಿರ ನಡುವೆ ಮುನಿಸಿದ್ದರೆ ಇಲ್ಲೇ ಬಗೆಹರಿಯಲಿ.
3. ಹಳೆ ಒಡಂಬಡಿಕೆಯ ಪಾಠ, ಕೀರ್ತನೆ, ಅಪೊಸ್ತಲರ ಪತ್ರ, ಕೊನೆಗೆ ಸುವಾರ್ತೆ. ಸುವಾರ್ತೆಗೆ ಎಲ್ಲರೂ ಎದ್ದು ನಿಲ್ಲಿ.
4. ಓದಿದ್ದರ ಮೇಲೆ ಮಾತು.
5. ವಿಶ್ವಾಸಪ್ರಮಾಣ.
6. ಬೇಡಿಕೆಗಳು, ಕಾಣಿಕೆ, ಕರ್ತನ ಪ್ರಾರ್ಥನೆ.
7. ಮನೆಯ ಹಿರಿಯರು ಎಲ್ಲರ ತಲೆಮುಟ್ಟಿ ಆಶೀರ್ವದಿಸುವುದು, ಕೊನೆಯ ಹಾಡು.

ಯಾವ ಪಾಠ ಎಂದು ನೀವೇ ಆರಿಸಬೇಡಿ. ನಿಮ್ಮ ಸಭೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರಕ್ಕೆ ಕೊಟ್ಟ ಪಾಠಗಳನ್ನೇ ಓದಿ. ಕಥೋಲಿಕರ ಭಾನುವಾರದ ಪಾಠಗಳು ಮೂರು ವರ್ಷಕ್ಕೆ ಒಂದು ಸುತ್ತು ಬರುತ್ತವೆ. ನೀವು ದಮ್ಮಾಮ್‌ನಲ್ಲಿ ಓದುವ ಭಾಗವನ್ನೇ ಅದೇ ಭಾನುವಾರ ಊರಿನ ಇಗರ್ಜಿಯಲ್ಲಿ ಅಪ್ಪ ಅಮ್ಮ ಕೇಳಿರುತ್ತಾರೆ. ಸಂಜೆ ಫೋನಿನಲ್ಲಿ ಫಾದರ್ ಏನು ಹೇಳಿದರು ಎಂದು ಕೇಳಿ, ಪ್ರಸಂಗವೂ ಸಿಕ್ಕಂತಾಯಿತು.

ನಾಲ್ಕನೆಯ ಭಾಗಕ್ಕೆ ಹೆದರಬೇಡಿ, ಯಾರೂ ಬೋಧಕರಾಗಬೇಕಿಲ್ಲ. ಸರದಿಯಂತೆ ಪ್ರತಿಯೊಬ್ಬರೂ ಹೇಳಲಿ: ಯಾವ ಮಾತು ಮನಸ್ಸಿಗೆ ತಾಗಿತು, ಯಾವುದು ಅರ್ಥವಾಗಲಿಲ್ಲ, ಈ ವಾರ ಏನು ಮಾಡಬೇಕು. ಹತ್ತು ವರ್ಷದ ಮಗು ‘ಅರ್ಥವಾಗಲಿಲ್ಲ’ ಎಂದು ಎತ್ತುವ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಬರೆದಿಟ್ಟು ಅಯ್ಯನವರಿಗೆ ಫೋನ್ ಮಾಡಿ.

ಹಾಡನ್ನು ಯೂಟ್ಯೂಬ್‌ಗೆ ಒಪ್ಪಿಸಬೇಡಿ. ಶ್ರುತಿ ತಪ್ಪಿದರೂ ನಿಮ್ಮ ಬಾಯಿಂದಲೇ ಬರಲಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಸ್ಪೀಕರ್, ಮೈಕ್ ಬೇಡ. ಪಕ್ಕದ ಮನೆಯವರ ಭಾನುವಾರದ ನಿದ್ದೆಯನ್ನು ಗೌರವಿಸುವುದೂ ನೆರೆಯವರನ್ನು ಪ್ರೀತಿಸುವುದರಲ್ಲೇ ಸೇರಿದೆ.

ಹಂತ 6: ಸಂಸ್ಕಾರಗಳು

ಮನೆಯ ಆರಾಧನೆಯ ಮಿತಿ ಇಲ್ಲಿದೆ. ಕಥೋಲಿಕರಲ್ಲಿ ಬಲಿಪೂಜೆಗೆ ಗುರುಗಳೇ ಬೇಕು, ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಎಂಬ ಪ್ರೊಟೆಸ್ಟೆಂಟ್ ಸಭೆಯಲ್ಲಿ ಕರ್ತನ ಭೋಜನಕ್ಕೆ ದೀಕ್ಷೆ ಪಡೆದ ಸಭಾಪಾಲಕರೇ ಬೇಕು. ಬ್ರದರನ್ ಸಭೆಗಳಲ್ಲಿ ಪಾದ್ರಿಗಳಿಲ್ಲದೆ ವಿಶ್ವಾಸಿಗಳೇ ಕೂಡಿ ರೊಟ್ಟಿ ಮುರಿಯುತ್ತಾರೆ. ನಿಮ್ಮ ಸಭೆಯ ಕ್ರಮ ಯಾವುದೋ ಅದನ್ನು ಮೀರಿ ಮನೆಯಲ್ಲೇ ರೊಟ್ಟಿ, ದ್ರಾಕ್ಷಿರಸ ಇಟ್ಟು ನಡೆಸಬೇಡಿ ಎನ್ನುವುದು ನನ್ನ ಸಲಹೆ.

ಕಥೋಲಿಕರಿಗೆ ಪರಮಪ್ರಸಾದ, ಅಂದರೆ ಬಲಿಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಮನೆಗೇ ಬರುತ್ತದೆ. ಅನೇಕ ಧರ್ಮಕೇಂದ್ರಗಳಲ್ಲಿ ತಿಂಗಳ ಮೊದಲ ಶುಕ್ರವಾರ ಫಾದರ್ ಅಥವಾ ನೇಮಕಗೊಂಡ ಸಹಾಯಕರು ಕಾಯಿಲೆಯವರ ಮನೆಗೆ ತರುತ್ತಾರೆ. ಅಂದು ಹಾಸಿಗೆಯ ಪಕ್ಕ ಒಂದು ಸ್ಟೂಲ್ ಇಡಿ, ಮೇಲೆ ಒಗೆದ ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ, ಒಂದು ಲೋಟ ನೀರು, ಒಂದು ಚಮಚ. ಗಂಟಲು ಒಣಗಿದ ಅಜ್ಜಿಗೆ ಒಂದು ತುಣುಕಷ್ಟೇ ಕೊಟ್ಟು ಚಮಚದಲ್ಲಿ ನೀರು ಕುಡಿಸಬೇಕಾಗುತ್ತದೆ, ಅದನ್ನು ಫಾದರ್‌ಗೆ ಮೊದಲೇ ಹೇಳಿ. ನಾಯಿಯಿದ್ದರೆ ಕಟ್ಟಿಹಾಕಿ, ಟಿವಿ ಆರಿಸಿ, ಬಾಗಿಲಲ್ಲಿ ಒಬ್ಬರು ನಿಂತಿರಲಿ. ಒಂದು ಗಂಟೆಯ ಉಪವಾಸದ ನಿಯಮ ಕಾಯಿಲೆಯವರಿಗೂ ವಯಸ್ಸಾದವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ಮಾತ್ರೆ ನುಂಗಿದೆನೆಂದು ಅಜ್ಜಿ ಹಿಂಜರಿದರೆ ಇದನ್ನು ತಿಳಿಸಿ ಹೇಳಿ. ಸಿ.ಎಸ್.ಐ. ಅಯ್ಯನವರೂ ಕೇಳಿಕೊಂಡರೆ ಮನೆಗೆ ಬಂದು ಕರ್ತನ ಭೋಜನ ಕೊಡುತ್ತಾರೆ.

ಪಾಪನಿವೇದನೆ ಫೋನಿನಲ್ಲಿ ಆಗುವುದಿಲ್ಲ. ಗುರುಗಳು ಸಿಗದಾಗ ಮನಸಾರೆ ಪಶ್ಚಾತ್ತಾಪಪಟ್ಟು, ಸಿಕ್ಕ ಕೂಡಲೇ ಮಾಡುತ್ತೇನೆಂದು ದೃಢಮಾಡಿಕೊಂಡರೆ ದೇವರ ಕ್ಷಮೆ ಕಾಯುವುದಿಲ್ಲ ಎಂದು ಧರ್ಮಸಭೆಯೇ ಕಲಿಸುತ್ತದೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಿರಲಿ: ಜೀವಾಪಾಯದಲ್ಲಿರುವ ಮಗುವಿಗೆ ತಂದೆತಾಯಿ ಬಯಸಿದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ತಲೆಯ ಮೇಲೆ ನೀರು ಸುರಿಯುತ್ತಾ, ಮಗುವಿನ ಹೆಸರು ಹಿಡಿದು, ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಎನ್ನಬೇಕು. ಆಮೇಲೆ ಚರ್ಚಿಗೆ ತಿಳಿಸಿ ದಾಖಲಿಸಿ.

ಹಂತ 7: ಹಬ್ಬ, ಉಪವಾಸದ ಲೆಕ್ಕ

ಚರ್ಚಿನಿಂದ ದೂರವಿದ್ದವರಿಗೆ ಮೊದಲು ಕೈತಪ್ಪುವುದು ಕಾಲದ ಲೆಕ್ಕ. ವರ್ಷದ ಆರಂಭದಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಆಗಮನ ಭಾನುವಾರಗಳು, ಬೂದಿ ಬುಧವಾರ, ಶುಭ ಶುಕ್ರವಾರ, ಪುನರುತ್ಥಾನ, ಅದರಿಂದ ಐವತ್ತನೆಯ ದಿನದ ಪವಿತ್ರಾತ್ಮನ ಹಬ್ಬ. ಬೂದಿ ಬುಧವಾರದಿಂದ ಶುರುವಾಗುವ ತಪಸ್ಸುಕಾಲದಲ್ಲಿ ಬಿಟ್ಟ ಮಾಂಸ, ಮೀನಿನ ದುಡ್ಡು ಡಬ್ಬಿಯಲ್ಲಿ ಬಿದ್ದು ಬಡವರಿಗೆ ತಲುಪಲಿ, ಇಲ್ಲದಿದ್ದರೆ ಅದು ಪಥ್ಯವಾಗುತ್ತದೆ.

ಕರಾವಳಿಯವರಿಗೆ ಸೆಪ್ಟೆಂಬರ್ 8ರ ಮೊಂತಿ ಹಬ್ಬವಿದೆ, ಮರಿಯಮ್ಮನವರ ಜನ್ಮದಿನದ, ಹೊಸ ತೆನೆಯ ಹಬ್ಬ. ಅದರ ಅರ್ಧ ನಡೆಯುವುದೇ ಮನೆಯಲ್ಲಿ. ಆಶೀರ್ವದಿಸಿದ ತೆನೆಯ ಭತ್ತವನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಪ್ರಾರ್ಥಿಸಿ, ಹಿರಿಯರ ಕೈಯಿಂದ ಎಲ್ಲರೂ ಪಡೆಯುತ್ತಾರೆ. ಪರದೇಶದಲ್ಲಿರುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುವ ತಾಯಂದಿರಿದ್ದಾರೆ. ಬಂದಾಗ ಅದನ್ನು ಪರ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಕೋಣೆಯ ಗೆಳೆಯರನ್ನು ಕೂರಿಸಿ, ಪ್ರಾರ್ಥಿಸಿ, ಹಾಲಿನಲ್ಲಿ ಹಾಕಿ ಹಂಚಿಕೊಳ್ಳಿ.

ಹಂತ 8: ಜೊತೆ ಹುಡುಕಿಕೊಳ್ಳಿ

ಒಬ್ಬರೇ ಇದ್ದು ವಿಶ್ವಾಸ ಉಳಿಸಿಕೊಳ್ಳುವೆ ಎನ್ನುವವರಿಗೆ ನಾನು ಒಪ್ಪಿಗೆ ಕೊಡಲಾರೆ. ಚರ್ಚೆಂಬ ಸಂಸ್ಥೆಯೇ ಬೇಡವೆಂದ ಜಪಾನಿನ ಉಚಿಮುರಾ ಕಾನ್ಜೊ ಮತ್ತು ಅವರ ಅನುಯಾಯಿಗಳು ಕೂಡ ಕೂಡಿ ಸತ್ಯವೇದ ಓದುವುದನ್ನು ಬಿಡಲಿಲ್ಲ. ಇಬ್ಬರು ಮೂವರು ತನ್ನ ಹೆಸರಿನಲ್ಲಿ ಸೇರಿದಲ್ಲಿ ತಾನಿರುವೆನೆಂದು ಯೇಸು ಮಾತು ಕೊಟ್ಟಿದ್ದಾರೆ, ಇಬ್ಬರಾದರೂ ಆಗಿ. ವಾರಕ್ಕೊಮ್ಮೆ ಅರ್ಧ ಗಂಟೆ ಫೋನು, ಒಬ್ಬರು ಓದುವುದು, ಇನ್ನೊಬ್ಬರು ಪ್ರಾರ್ಥಿಸುವುದು. ‘ಈ ವಾರ ಪ್ರಾರ್ಥನೆ ಬಿಟ್ಟೆಯಾ?’ ಎಂದು ಕೇಳುವ ಸಲಿಗೆ ಇರುವವರೇ ಬೇಕು.

ಆನ್‌ಲೈನ್ ಬೋಧಕರನ್ನು ಕೇಳುವುದಾದರೆ ಎಚ್ಚರವಿರಲಿ. ಅವರ ಮಾತು ಪ್ರತಿ ಸಲ ಬ್ಯಾಂಕ್ ಖಾತೆಯ ನಂಬರಿನಲ್ಲಿ ಮುಗಿಯುತ್ತದೆಯೇ? ಸಕ್ಕರೆ ಕಾಯಿಲೆಯ ಮಾತ್ರೆ ಬಿಡು, ಎಣ್ಣೆ ಹಚ್ಚಿಕೋ ಎನ್ನುತ್ತಾರೆಯೇ? ಮನೆಯವರ ಜೊತೆ ಸಂಬಂಧ ಕಡಿದುಕೊಳ್ಳಲು ಹೇಳುತ್ತಾರೆಯೇ? ಒಂದಕ್ಕೆ ಹೌದೆಂದರೂ ಚಾನೆಲ್ ಬಿಟ್ಟುಬಿಡಿ.

ಸೇವೆಯನ್ನೂ ಇಲ್ಲೇ ಸೇರಿಸುತ್ತೇನೆ. ಮತ್ತಾಯ 25ರಲ್ಲಿ ಯೇಸು ಕೇಳುವುದು ಹಸಿದವರಿಗೆ ಊಟ ಕೊಟ್ಟಿರಾ, ರೋಗಿಗಳನ್ನು ನೋಡಲು ಹೋದಿರಾ ಎಂದು. ದಶಮಾಂಶವನ್ನೋ ಕೈಲಾದಷ್ಟನ್ನೋ ಸಂಬಳ ಬಂದ ದಿನವೇ ಬೇರೆ ತೆಗೆದಿಟ್ಟು, ಒಂದು ಪಾಲು ಊರಿನ ಸಭೆಗೆ, ಒಂದು ಪಾಲು ನಿಮ್ಮ ಕಣ್ಣೆದುರಿನ ಕಷ್ಟಕ್ಕೆ ಕೊಡಿ.

ಹಂತ 9: ದಾಖಲೆಯ ವಿಷಯ

ಇದನ್ನು ಪ್ರಾರ್ಥನೆಯ ಮಾತಿನ ನಡುವೆ ಯಾರೂ ಎತ್ತುವುದಿಲ್ಲ, ಕಷ್ಟ ಬಂದಾಗ ಮಾತ್ರ ನೆನಪಾಗುತ್ತದೆ. ಹೋಗದಿದ್ದರೂ ಸಭೆಯ ರಿಜಿಸ್ಟರಿನಲ್ಲಿ ಹೆಸರು ಉಳಿಸಿಕೊಳ್ಳಿ, ವರ್ಷದ ಚಂದಾ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಊರು ಬಿಟ್ಟರೆ ಹೊಸ ಸಭೆಗೆ ವರ್ಗದ ಪತ್ರ ತನ್ನಿ. ಮಕ್ಕಳ ಮದುವೆ ಚರ್ಚಿನಲ್ಲಾಗಬೇಕಾದರೆ ದೀಕ್ಷಾಸ್ನಾನದ ಪತ್ರ ಕೇಳುತ್ತಾರೆ. ಚರ್ಚಿನ ಹೊರಗೆ ಮದುವೆಯಾಗುವವರಿಗೆ 1954ರ ವಿಶೇಷ ವಿವಾಹ ಕಾಯ್ದೆಯಿದೆ, ಆದರೆ ಕಥೋಲಿಕರು ಮೊದಲೇ ಫಾದರ್ ಜೊತೆ ಮಾತಾಡದಿದ್ದರೆ ಧರ್ಮಸಭೆ ಆ ಮದುವೆಯನ್ನು ಒಪ್ಪುವುದಿಲ್ಲ.

ಸಮಾಧಿಯ ವಿಷಯ ಎಲ್ಲಕ್ಕಿಂತ ನಾಜೂಕು. ಸ್ಮಶಾನಗಳು ಬಹುಮಟ್ಟಿಗೆ ಸಭೆಗಳ ಕೈಯಲ್ಲಿವೆ, ಹೆಸರಿಲ್ಲದವರಿಗೆ ಜಾಗ ಸಿಗುವುದು ಕಷ್ಟ. ಯಾವ ಸ್ಮಶಾನ, ಯಾರು ಪ್ರಾರ್ಥನೆ ನಡೆಸಬೇಕು, ಯಾವ ಹಾಡು ಬೇಕು ಎಂದು ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ. ಅಯ್ಯನವರ ಅಥವಾ ಫಾದರ್ ಅವರ ನಂಬರು ಅಮ್ಮನ ಫೋನಿನಲ್ಲಿ ಮಾತ್ರ ಇದ್ದರೆ ಸಾಲದು, ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ. ಅವರು ವರ್ಗವಾಗಿ ಹೊಸಬರು ಬಂದಾಗ ಆ ನಂಬರನ್ನೂ ಕೇಳಿ ಬದಲಾಯಿಸಿಕೊಳ್ಳಿ.